ಹಳದಿ ಗುಂಡಿಗೆ ಅರ್ಥ ಕೊಟ್ಟವರು ಯಾರು?

ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಹೋಂ ಥಿಯೇಟರಿನ ಆಡಿಯೊ ಪ್ರೊಸೆಸರಿಗೆ, ಎಂದರೆ ಸ್ಪೀಕರುಗಳಿಗೆ ಧ್ವನಿ ಹಂಚುವ ಪೆಟ್ಟಿಗೆಗೆ, ಬಂದ ರಿಮೋಟಿನಲ್ಲಿ ಗುಂಡಿಗಳ ಸಂತೆಯೇ ಇದೆ. ಅಮ್ಮನಿಗೆ ಬೇಕಾದದ್ದು ಒಂದೇ ಒಂದು: ಒತ್ತಿದರೆ ಟಿ.ವಿ.ಯ ಧ್ವನಿ ದೊಡ್ಡ ಸ್ಪೀಕರುಗಳಲ್ಲಿ ಕೇಳಬೇಕು. ಹೊಸದಾಗಿ ಕೊಂಡ, ಬೇರೆ ರಿಮೋಟಿನ ಸಂಕೇತ ಕಲಿಯಬಲ್ಲ ರಿಮೋಟಿನ ಹಳದಿ ಗುಂಡಿಯನ್ನು ಅದಕ್ಕೆ ಮೀಸಲಿಡುತ್ತೇನೆಂದಾಗ, "ಕಂಪನಿಯವರು ಮಾಡಿರೋದನ್ನ ತಿದ್ದಿದ್ರೆ ಮಷೀನ್ ಕೆಟ್ಟುಹೋಗಲ್ವೇನೋ?" ಎಂದರು. ಗುಂಡಿಯೇ ಯಂತ್ರವನ್ನು ನಡೆಸುತ್ತದೆ ಎಂಬ ಈ ನಂಬಿಕೆ ಎಂಜಿನಿಯರಿಂಗ್ ಓದಿದವರಲ್ಲೂ ಇರುವುದನ್ನು ಕಂಡು ನನಗೆ ರೇಗುತ್ತದೆ.

ಗುಂಡಿಗೆ ತನ್ನದೆಂಬ ಅರ್ಥವೇ ಇಲ್ಲ. 2001ರಲ್ಲಿ ಮುಚ್ಚಿದ ನಮ್ಮೂರ ಚಿನ್ನದ ಗಣಿಯಲ್ಲಿ ಕೇಜು, ಎಂದರೆ ಲಿಫ್ಟಿನಂಥ ಪಂಜರ, ಏರಿ ಇಳಿಯುವುದಕ್ಕೆ ಗಂಟೆಯ ಹೊಡೆತಗಳ ಲೆಕ್ಕವಿತ್ತು. ಗಂಟೆ ಬಾರಿಸಿದವನು ಕೇಜನ್ನು ಎತ್ತುತ್ತಿರಲಿಲ್ಲ, ಹೊಡೆತಗಳನ್ನು ಎಣಿಸಿ ಎಂಜಿನ್ ನಡೆಸುವವನು ಮೇಲೆ ಬೇರೆಯೇ ಇದ್ದ. ರಿಮೋಟು ಗಂಟೆ ಬಾರಿಸುವವನು, ಪ್ರೊಸೆಸರು ಎಂಜಿನ್ ನಡೆಸುವವನು.

ಬಹಳಷ್ಟು ಉಪಕರಣಗಳು ಬಳಸುವ, ಜಪಾನಿನ ಎನ್‌ಇಸಿ ಕಂಪನಿಯ ಸಂಕೇತ ಪದ್ಧತಿಯಲ್ಲಿ ರಿಮೋಟಿನ ಅವಕೆಂಪು (ಇನ್‌ಫ್ರಾರೆಡ್) ದೀಪ ಮೊದಲು 9 ಮಿಲಿಸೆಕೆಂಡು ಬೆಳಗಿ, 4.5 ಮಿಲಿಸೆಕೆಂಡು ಆರಿ, ಅನಂತರ 32 ಬಿಟ್‌ಗಳನ್ನು, ಎಂದರೆ ಸೊನ್ನೆ-ಒಂದುಗಳನ್ನು, ಕಳಿಸುತ್ತದೆ. ತಮಟೆಯ ಪೆಟ್ಟು ಒಂದೇ ಆಗಿದ್ದು ನಡುವಿನ ಬಿಡುವಿನಿಂದ ಗತ್ತು ಬದಲಾಗುವಂತೆ, ಇಲ್ಲಿ ಬೆಳಕಿನ ಮಿಡಿತ ಒಂದೇ. ಅದರ ನಂತರದ ಬಿಡುವು ಚಿಕ್ಕದಾದರೆ ಸೊನ್ನೆ, ದೊಡ್ಡದಾದರೆ ಒಂದು. ಮೊದಲ 8 ಬಿಟ್ ಉಪಕರಣದ ವಿಳಾಸ, ಮುಂದಿನ 8 ಅದರ ತಿರುವುಮುರುವು, ಎಂದರೆ ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ. ಆಮೇಲಿನ 8 ಆಜ್ಞೆ, ಕೊನೆಯ 8 ಆಜ್ಞೆಯ ತಿರುವುಮುರುವು. ಕೋಲಾರದ ಟೊಮೆಟೊ ಮಂಡಿಯಲ್ಲಿ ಮಾರಿದ ಕ್ರೇಟುಗಳನ್ನೂ ಉಳಿದ ಕ್ರೇಟುಗಳನ್ನೂ ಬೇರೆ ಬೇರೆ ಬರೆದು, ಕೂಡಿದಾಗ ತಂದ ಲೆಕ್ಕಕ್ಕೆ ತಾಳೆಯಾಗದ ಚೀಟಿಯನ್ನು ಪಕ್ಕಕ್ಕೆಸೆದಂತೆ, ಹೊಂದದ ಸಂಕೇತವನ್ನು ಪ್ರೊಸೆಸರು ಕಡೆಗಣಿಸುತ್ತದೆ. ಇದೆಲ್ಲ ಮುಗಿಯುವುದು ಸುಮಾರು 68 ಮಿಲಿಸೆಕೆಂಡಿನಲ್ಲಿ! ತಪ್ಪು ಗುಂಡಿ ಒತ್ತಿದರೆ ಯಂತ್ರ ಸುಡುತ್ತದೆಂಬ ಭಯಕ್ಕೆ ಇಲ್ಲಿ ಜಾಗವೆಲ್ಲಿದೆ?

ಬೆಳಗಿರುವಾಗಲೂ ಆ ದೀಪ ಸುಮ್ಮನಿರದೆ ಸೆಕೆಂಡಿಗೆ 38,000 ಸಲ ಮಿನುಗುತ್ತದೆ. 1955ರಲ್ಲಿ ಝೆನಿತ್ ಕಂಪನಿಯ ಯೂಜೀನ್ ಪಾಲಿ ರೂಪಿಸಿದ ಫ್ಲ್ಯಾಷ್‌ಮ್ಯಾಟಿಕ್ ಎಂಬ ಟಿ.ವಿ. ರಿಮೋಟು ಬರಿಯ ಬೆಳಕನ್ನು ನಂಬಿತ್ತಾದ್ದರಿಂದ ಕಿಟಕಿಯ ಬಿಸಿಲೇ ಚಾನೆಲ್ ಬದಲಿಸುತ್ತಿತ್ತು. ಮರುವರ್ಷ ರಾಬರ್ಟ್ ಆಡ್ಲರ್ ಬೆಳಕನ್ನೇ ಬಿಟ್ಟು, ಅಲ್ಯೂಮಿನಿಯಂ ಸರಳುಗಳನ್ನು ಪುಟ್ಟ ಸುತ್ತಿಗೆಯಿಂದ ಹೊಡೆದು ಶ್ರವಣಾತೀತ ಶಬ್ದ ಹೊರಡಿಸುವ, ಸೆಲ್ಲೇ ಬೇಡದ ರಿಮೋಟನ್ನು ತಂದರು. ಇಂದಿನ ಉಪಕರಣಗಳಲ್ಲಿ ಸಂಕೇತ ಹಿಡಿಯುವ ಭಾಗ ಮಿನುಗಿನ ಲಯವನ್ನು ಮಾತ್ರ ಆರಿಸಿಕೊಳ್ಳುವುದರಿಂದ ಬಿಸಿಲು ಅದನ್ನು ಮೋಸಗೊಳಿಸುವುದು ಕಷ್ಟ.

ಕಲಿಸುವ ಕೆಲಸ ಸುಲಭ. ಎರಡು ರಿಮೋಟುಗಳನ್ನು ಎದುರುಬದುರಿಟ್ಟು ಹಳೆಯದರ ಗುಂಡಿ ಒತ್ತಿದರೆ, ಹೊಸದು ಮಿಡಿತ-ಬಿಡುವುಗಳ ಅಳತೆಯನ್ನು ನಕಲು ಮಾಡಿಕೊಳ್ಳುತ್ತದೆ. ಲಿಪಿ ತಿಳಿಯದವನು ಶಾಸನದ ಅಚ್ಚು ತೆಗೆದ ಹಾಗೆ.

ತೊಡಕಿರುವುದು ಯಾವ ಗುಂಡಿಯನ್ನು ನಕಲು ಮಾಡಬೇಕೆಂಬಲ್ಲಿ. ಹಲವು ಇನ್‌ಪುಟ್‌ಗಳನ್ನು ಸರದಿಯಾಗಿ ತಿರುಗಿಸುವ ಗುಂಡಿಯನ್ನು ಕಲಿಸಿದರೆ ಫಲ ಹಿಂದಿನ ಸ್ಥಿತಿಯನ್ನು ಅವಲಂಬಿಸುತ್ತದೆ. ಆನ್-ಆಫ್ ಎರಡಕ್ಕೂ ಒಂದೇ ಗುಂಡಿಯಿದ್ದರಂತೂ ಆನ್ ಆಗಿದ್ದ ಯಂತ್ರ ಆರಿಹೋಗುತ್ತದೆ. ಆದ್ದರಿಂದ 'ಆನ್' ಮಾತ್ರ, 'ಟಿ.ವಿ. ಇನ್‌ಪುಟ್' ಮಾತ್ರ ಎಂದು ನೇರವಾಗಿ ಹೇಳುವ ಸಂಕೇತಗಳನ್ನೇ ಹುಡುಕಬೇಕು. ನಮ್ಮ ಹಳೆಯ ರಿಮೋಟಿನಲ್ಲಿ ಅದೃಷ್ಟಕ್ಕೆ ಎರಡೂ ಇದ್ದವು.

ಅವನ್ನು ಹಳದಿ ಗುಂಡಿಯಲ್ಲಿ ಸಾಲಾಗಿ ಪೋಣಿಸಿ, ಪ್ರೊಸೆಸರು ಎಚ್ಚರಗೊಳ್ಳುವಷ್ಟು, ಎಂದರೆ ಐದು ಸೆಕೆಂಡು ನಡುವೆ ಬಿಡುವಿಟ್ಟೆ. ಆದರೂ ಧ್ವನಿ ಬರಲಿಲ್ಲ. ಅಮ್ಮ ಗುಂಡಿ ಒತ್ತಿದೊಡನೆ ರಿಮೋಟನ್ನು ಸೋಫಾದ ಮೇಲೆ ಮಗುಚಿ ಹಾಕುತ್ತಿದ್ದುದರಿಂದ ಎರಡನೆಯ ಸಂಕೇತವೆಲ್ಲ ದಿಂಬಿಗೇ ಹೋಗುತ್ತಿತ್ತು.