ಘಟ್ಟ ಹತ್ತುವ ಬಂದರು

ಮೈಸೂರಿನ ಬಾಟ್ಲಿಂಗ್ ಘಟಕದಲ್ಲಿ ತುಂಬಿಸಿ ಮಂಡ್ಯದ ಅಡುಗೆಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಅದು ಲಾರಿ ಏರುವುದು ಕೊನೆಯ ಒಂದೆರಡು ತಾಸಿಗೆ ಮಾತ್ರ. ಮಂಗಳೂರಿನ ಕಡಲ ದಂಡೆಯಿಂದ ಘಟ್ಟ ಹತ್ತಿ, ಹಾಸನ ಹಾದು ಮೈಸೂರು ಮುಟ್ಟುವವರೆಗೂ ಅದರ ಪ್ರಯಾಣ ನೆಲದಡಿಯ ಪೈಪಿನಲ್ಲಿ. ಮಂಗಳೂರು ಬಂದರು ಹೇಗೆ ಬೆಳೆಯಿತು ಎಂದು ತಿಳಿಯಲು ಹಡಗಿಗಿಂತ ಈ ಪೈಪನ್ನು ಹಿಡಿದು ಹೊರಡುವುದೇ ಸುಲಭ.

ಹಳೆಯ ಬಂದರು ಇದ್ದದ್ದು ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ. ನದಿ ತಂದ ಮರಳು, ಅಲೆ ತಳ್ಳಿದ ಮರಳು ಎರಡೂ ಸೇರಿ ಅಳಿವೆಯ ಬಾಯಲ್ಲಿ ದಿಣ್ಣೆ ಕಟ್ಟುತ್ತಿದ್ದವು. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕು, ಸರಕು ಮಂಜಿ ಎಂಬ ದೋಣಿಗಳಲ್ಲಿ ಹೋಗಿ ಬರಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಆದರೂ ಆ ಬಂದರಿನ ಹಿಂದೆ ಕೈಕೆಲಸ ತುಂಬಾ ಇತ್ತು. 1865ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಹಂಚಿನ ಕಾರ್ಖಾನೆಯನ್ನು ನೋಡಿ ಹತ್ತಾರು ಕಾರ್ಖಾನೆಗಳು ಎದ್ದವು. ಮೈಸೂರಿನ ಹಳೆಯ ಮನೆಗಳ ಮಾಡಿನ ಮೇಲೆ ಇವತ್ತಿಗೂ ಮಂಗಳೂರು ಹಂಚು ಕಾಣುತ್ತದೆ. ಹಂಚು, ಗೇರುಬೀಜ, ಕಾಫಿ ಎಲ್ಲವೂ ಎಣಿಸಿ, ಆರಿಸಿ, ಹೊತ್ತು ಸಾಗಿಸುವ ಸರಕುಗಳೇ.

ಪಣಂಬೂರಿನಲ್ಲಿ ಕಡಲ ದಂಡೆಯ ಒಳಭಾಗವನ್ನು ಅಗೆದು ಹೊಸ ಬಂದರು ಮಾಡಿದರು. ಅಲೆಗೆ ತಡೆಗೋಡೆ ಇದ್ದದ್ದರಿಂದ ಅದು ಮಳೆಗಾಲದಲ್ಲೂ ನಡೆಯಿತು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎನಿಸಿತು. ಆ ಬಂದರಿನ ಹೊಟ್ಟೆಯನ್ನು ಮೊದಮೊದಲು ತುಂಬಿಸಿದ್ದು ಕುದುರೆಮುಖದ ಕಬ್ಬಿಣದ ಅದಿರು. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಘಟ್ಟದಿಂದ ಕೆಳಕ್ಕೆ ಹರಿಸುತ್ತಿದ್ದರು. ಇಡೀ ಯೋಜನೆ ಇರಾನ್ ಎಂಬ ಒಬ್ಬನೇ ಗಿರಾಕಿಯನ್ನು ನಂಬಿ ಎದ್ದದ್ದು. 1979ರ ಕ್ರಾಂತಿಯ ನಂತರ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿಯೇ ನಿಂತಿತು. ಅಷ್ಟರಲ್ಲಿ ಬಂದರು ಬದುಕಿಕೊಂಡಿತ್ತು. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಶುರುವಾದ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಈಗ 1.5 ಕೋಟಿ ಟನ್ನಿನದು. ಅದಿರಿನ ಪೈಪು ಕೆಳಕ್ಕೆ ಹರಿಯುತ್ತಿತ್ತು, ತೈಲದ ಪೈಪು ಮೇಲಕ್ಕೆ ಹತ್ತಬೇಕು.

ಹತ್ತುವುದೆಂದರೆ ಎಷ್ಟು? ಬೋರ್‌ವೆಲ್ ಇರುವ ಮಂಡ್ಯದ ಯಾವ ರೈತರನ್ನು ಕೇಳಿದರೂ ಮೋಟಾರಿನ ‘ಹೆಡ್’ ಎಂದರೇನೆಂದು ಹೇಳುತ್ತಾರೆ: ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಎಂಬ ಲೆಕ್ಕ. ಇಲ್ಲಿನ ಹೆಡ್ ಸುಮಾರು 900 ಮೀಟರ್, ಅಂದರೆ ಮೂರು ಸಾವಿರ ಅಡಿಯ ಬೋರ್‌ವೆಲ್‌. ಮೈಸೂರಿನವರ ಲೆಕ್ಕದಲ್ಲಿ ಚಾಮುಂಡಿ ಬೆಟ್ಟವನ್ನು ಮೂರು ಸಲ ಒಂದರ ಮೇಲೊಂದು ಇಟ್ಟಷ್ಟು. ನೀರಾದರೆ ಪ್ರತಿ 10 ಮೀಟರಿಗೆ ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡ ಬೇಕು. ಡೀಸೆಲ್ ನೀರಿಗಿಂತ ಹಗುರ, ಆದ್ದರಿಂದ ಸುಮಾರು 75 ಕೆ.ಜಿ. ಸಾಕು, ಎಲ್‌ಪಿಜಿ ಇನ್ನೂ ಹಗುರ, 48ರ ಆಸುಪಾಸು. ಲಾರಿ ಟೈರಿನ ಗಾಳಿ 8 ಇರುತ್ತದೆ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಪೈಪಿನ ಒಳಗೋಡೆಯ ಘರ್ಷಣೆಯ ಲೆಕ್ಕ ಬೇರೆ. ಅದಕ್ಕಾಗಿಯೇ ಘಟ್ಟದ ಬುಡದ ನೆರಿಯದಲ್ಲಿ ಮತ್ತೊಂದು ಪಂಪಿಂಗ್ ಕೇಂದ್ರವಿದೆ. ಎಲ್‌ಪಿಜಿಗೆ ಇನ್ನೊಂದು ತಾಪತ್ರಯ: ಘಟ್ಟದ ನೆತ್ತಿಯಲ್ಲಿ ಒತ್ತಡ ಇಳಿದರೆ ದ್ರವ ಅಲ್ಲೇ ಕುದಿದು ಆವಿಯ ಗುಳ್ಳೆಯಾಗುತ್ತದೆ, ಹರಿವು ತಡವರಿಸುತ್ತದೆ. ಹಾಗಾಗಿ ಆ ನೆತ್ತಿಯಲ್ಲೂ ಒತ್ತಡ ಬಿಗಿಯಾಗಿ ಉಳಿಯುವಂತೆ ಮುಂದಿನ ಕವಾಟಗಳನ್ನು ಹಿಡಿದಿಡಬೇಕು.

ಪೆಟ್ರೋಲ್–ಡೀಸೆಲ್ ಹೋಗುವ ಮಂಗಳೂರು–ಹಾಸನ–ಬೆಂಗಳೂರು ಪೈಪು ಬೇರೆ. ಸುಮಾರು 360 ಕಿ.ಮೀ. ಉದ್ದದ ಆ ಒಂದೇ ಕೊಳವೆಯಲ್ಲಿ ಎರಡೂ ಒಂದರ ಹಿಂದೊಂದು ಹೋಗುತ್ತವೆ, ನಡುವೆ ಅಡ್ಡಗೋಡೆ ಇಲ್ಲ! ಜೋರಾಗಿ ಹರಿಯುವಾಗ ಬೆರೆಯುವ ಭಾಗ ಚಿಕ್ಕದು. ಸಾಂದ್ರತೆಯ ಮೀಟರ್ ಪೆಟ್ರೋಲಿನ 0.74ರ ಹತ್ತಿರದಿಂದ ಡೀಸೆಲಿನ 0.83ರ ಕಡೆಗೆ ಏರತೊಡಗಿದಾಗ ಬೆರಕೆಯನ್ನು ಬೇರೆ ಟ್ಯಾಂಕಿಗೆ ತಿರುಗಿಸುತ್ತಾರೆ. ಪಂಪು ನಿಂತಾಗ ಕಷ್ಟ. ಏರುದಾರಿಯಲ್ಲಿ ಡೀಸೆಲ್ ಮುಂದೆ, ಪೆಟ್ರೋಲ್ ಹಿಂದೆ ಇದ್ದರೆ ಭಾರದ್ದು ಮೇಲೆ, ಹಗುರದ್ದು ಕೆಳಗೆ ಆಯಿತಲ್ಲ. ಡೀಸೆಲ್ ಕೆಳಕ್ಕೆ ನುಸುಳಿ ಬೆರಕೆ ಉದ್ದವಾಗುತ್ತ ಹೋಗುತ್ತದೆ. ಇಳಿಜಾರಿನಲ್ಲಿ ಇದೇ ಲೆಕ್ಕ ತಿರುವುಮುರುವು. ಆದ್ದರಿಂದ ಪೈಪನ್ನು ನಿಲ್ಲಿಸಲೇಬೇಕಾದರೆ ಎರಡರ ಸಂದು ಆಗ ಎಲ್ಲಿದೆ ಎಂದು ನೋಡಿಯೇ ನಿಲ್ಲಿಸಬೇಕು.

ಬಂದರು ಈಗ ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ನಿಭಾಯಿಸುತ್ತದೆ. ಅದರಲ್ಲಿ ದೊಡ್ಡ ಪಾಲು ತೈಲ, ಗ್ಯಾಸು. ಪೈಪಿಗೆ ಹಮಾಲರು ಬೇಡ, ಕಂಟ್ರೋಲ್ ರೂಮಿನಲ್ಲಿ ಪಾಳಿಗೆ ನಾಲ್ಕಾರು ಜನ ಇದ್ದರಾಯಿತು. ಟನ್ನಿನ ಲೆಕ್ಕ ಹೀಗೆ ಏರಿದರೂ ಮಂಗಳೂರಿನ ಹುಡುಗರಿಗೆ ಕೆಲಸ ಕೊಡುತ್ತಿರುವುದು ಹೆಚ್ಚಾಗಿ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳೇ ಹೊರತು ಬಂದರಿನ ಧಕ್ಕೆಯಲ್ಲ.

ಹಾಗಾದರೆ ಪೈಪಿಗೆ ಹಿಡಿಸದ ಸರಕಿನ ಗತಿ? ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ರೈಲುದಾರಿ 50 ಮೀಟರಿಗೆ 1 ಮೀಟರ್ ಏರುತ್ತದೆ. 2,000 ಟನ್ ಗಾಡಿಯನ್ನು ಸಮತಟ್ಟಿನಲ್ಲಿ ಎಳೆಯಲು 10 ಟನ್ನಿಗೂ ಕಡಿಮೆ ಬಲ ಸಾಕು. ಇಲ್ಲಿ ಏರಿಗೆಂದೇ 40 ಟನ್ ಹೆಚ್ಚಿಗೆ ಬೇಕು. ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಸೇರಿಸುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ.

ಇದಕ್ಕಿಂತ ದೊಡ್ಡ ಅಡಚಣೆ ಖಾಲಿ ಕಂಟೈನರಿನದು. ಕುಶಾಲನಗರ, ಹುಣಸೂರು ಕಡೆಯ ಕಾಫಿ 20 ಅಡಿಯ ಒಂದು ಕಂಟೈನರಿಗೆ 60 ಕೆ.ಜಿ.ಯ 320 ಚೀಲ, ಅಂದರೆ 19.2 ಟನ್ ಹಿಡಿಯುತ್ತದೆ. ಆದರೆ ತೈಲ, ಕಲ್ಲಿದ್ದಲು ತರಿಸುವ ಬಂದರಿಗೆ ತುಂಬಿದ ಕಂಟೈನರು ಬರುವುದೇ ಕಡಿಮೆ. ಬಾರದಿದ್ದರೆ ಖಾಲಿಯಾಗುವುದು ಯಾವುದು? ಖಾಲಿಯನ್ನು ಬೇರೆ ಕಡೆಯಿಂದ ತರಿಸಿದರೆ ಅದರ ಬಾಡಿಗೆಯೂ ಕಾಫಿಯ ಮೇಲೆ ಬೀಳುತ್ತದೆ. ಸಿಕ್ಕ ಕಂಟೈನರನ್ನು ಹಾಗೇ ತುಂಬಲೂ ಬರುವುದಿಲ್ಲ. ಬಿಸಿಲ ಸೀಮೆಯಿಂದ ಚಳಿಯ ಕಡಲಿಗೆ ಹೋದಾಗ ಒಳಗಿನ ತೇವ ತಗಡಿನ ಸೂರಿನಲ್ಲಿ ಹನಿಗಟ್ಟಿ ಚೀಲಗಳ ಮೇಲೆ ಬೀಳುತ್ತದೆ, ಕಾಫಿಗೆ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಗೋಡೆಗೆ, ಸೂರಿಗೆ ದಪ್ಪ ಕಂದು ಕಾಗದ ಹೊದಿಸಿ, ತೇವ ಹೀರುವ ಪೊಟ್ಟಣಗಳನ್ನು ನೇತುಹಾಕುತ್ತಾರೆ. ಇವೆಲ್ಲಕ್ಕೂ ಮುಂಚಿನ ಪರೀಕ್ಷೆ ಒಂದಿದೆ: ಹಾಡಹಗಲಲ್ಲಿ ಒಬ್ಬರು ಒಳಗೆ ಹೋಗುತ್ತಾರೆ, ಹೊರಗಿನವರು ಬಾಗಿಲು ಮುಚ್ಚುತ್ತಾರೆ. ಕತ್ತಲಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಕಂಟೈನರು ವಾಪಸು.