ಕಲ್ಲಿದ್ದಲನ್ನು ಗ್ಯಾಸ್ ಮಾಡಿ ಕರೆಂಟು ತೆಗೆದರೆ ನಮ್ಮ ಕರಾವಳಿಗೆ ಒಗ್ಗುತ್ತದಾ?

ಪ್ರಶ್ನೆ: ಕಲ್ಲಿದ್ದಲನ್ನು ನೇರವಾಗಿ ಸುಡದೆ ಮೊದಲು ಗ್ಯಾಸ್ ಮಾಡಿ, ಆ ಗ್ಯಾಸಿನಿಂದ ಟರ್ಬೈನ್ ತಿರುಗಿಸಿದರೆ ಹೊಗೆಯೂ ಇಲ್ಲ ಬೂದಿಯೂ ಇಲ್ಲ ಅಂತಾರಲ್ಲ? ಹೇಗಿದ್ದರೂ ಕೊನೆಗೆ ಸುಡೋದೇ ತಾನೆ, ನಡುವೆ ಗ್ಯಾಸ್ ಮಾಡುವ ಕೆಲಸ ಯಾಕೆ? ಅಷ್ಟು ಒಳ್ಳೆಯದಾದರೆ ನಮ್ಮ ಕಾರವಾರ, ಅಂಕೋಲಾ ಕಡೆ ಒಂದು ಯಾಕೆ ಬರಬಾರದು?

ಉತ್ತರ: ನಮ್ಮ ಜಿಲ್ಲೆಯವರು ಈ ಪ್ರಶ್ನೆ ಕೇಳುವುದರಲ್ಲಿ ಆಶ್ಚರ್ಯ ಇಲ್ಲ. ಕಾರವಾರದ ಪಕ್ಕದ ಹಣಕೋಣದಲ್ಲಿ ಕಲ್ಲಿದ್ದಲು ಸ್ಥಾವರ ಬರುತ್ತದೆ ಅಂದಾಗ ಊರಿಗೆ ಊರೇ ಎದ್ದು ನಿಂತಿತ್ತು. ಅದಕ್ಕೂ ಮೊದಲಿನಿಂದ ತದಡಿಯಲ್ಲಿ 4000 ಮೆಗಾವ್ಯಾಟಿನ ದೊಡ್ಡ ಸ್ಥಾವರದ ಮಾತಿತ್ತು, ಅಘನಾಶಿನಿ ದಂಡೆಯವರು ಅದನ್ನೂ ಒಪ್ಪಲಿಲ್ಲ. ಎರಡೂ ಆಗಲಿಲ್ಲ. ಆದರೆ ಕರೆಂಟು ಬೇಕಲ್ಲ, ಹಾಗಾಗಿ 'ಹೊಗೆ ಬಿಡದ ಕಲ್ಲಿದ್ದಲು' ಅನ್ನುವ ಮಾತು ಆಗಾಗ ತಲೆ ಎತ್ತುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಮಾಡುವುದಕ್ಕೆ ಗಟ್ಟಿ ಕಾರಣ ಇದೆ. ಹೊಗೆ ತುಂಬಾ ಕಡಿಮೆಯಾಗುವುದೂ ನಿಜ. ಬೂದಿ ಇಲ್ಲ ಅನ್ನುವುದು ನಿಜ ಅಲ್ಲ, ಅದರ ರೂಪ ಬದಲಾಗುತ್ತದೆ ಅಷ್ಟೆ. ನಮ್ಮ ಕರಾವಳಿಗೆ ಬರಬೇಕಾ ಅಂತ ಕೇಳಿದರೆ, ಬೇಡ ಅಂತಲೇ ನನ್ನ ಉತ್ತರ. ಅದು ಸುಮ್ನೆ ಭಾವನೆಯಿಂದ ಹೇಳುವ ಮಾತಲ್ಲ, ಲೆಕ್ಕ ನೋಡಿದರೂ ಅಲ್ಲಿಗೇ ಬರುತ್ತದೆ.

ರಾಯಚೂರು, ಬಳ್ಳಾರಿ, ನಂದಿಕೂರು ಸ್ಥಾವರಗಳಲ್ಲೆಲ್ಲ ಆಗುವುದು ಒಂದೇ ಕೆಲಸ. ಕಲ್ಲಿದ್ದಲು ಪುಡಿ ಮಾಡಿ ಸುಡುತ್ತಾರೆ, ನೀರು ಕುದಿಯುತ್ತದೆ, ಉಗಿ ಟರ್ಬೈನನ್ನು ತಿರುಗಿಸುತ್ತದೆ. ಹಳೆಯ ಘಟಕಗಳಲ್ಲಿ ನೂರು ಪಾಲು ಶಾಖ ಹಾಕಿದರೆ ಕರೆಂಟಾಗಿ ಸಿಗುವುದು 35 ಪಾಲಿನ ಆಸುಪಾಸು. ಇನ್ನೂ ಹೆಚ್ಚು ಒತ್ತಡ, ಹೆಚ್ಚು ಶಾಖದಲ್ಲಿ ಓಡುವ ಹೊಸ ಸೂಪರ್‌ಕ್ರಿಟಿಕಲ್ ಬಾಯ್ಲರ್ ಇದ್ದರೆ ಸುಮಾರು 40. ಉಳಿದದ್ದು ಚಿಮಣಿಯಲ್ಲಿ ಮತ್ತು ತಣ್ಣಗೆ ಮಾಡುವ ನೀರಿನಲ್ಲಿ ಹೊರಗೆ ಹೋಗುತ್ತದೆ.

ಗ್ಯಾಸ್ ಟರ್ಬೈನ್ ಬೇರೆ ಜಾತಿಯದು. ವಿಮಾನದ ಜೆಟ್ ಎಂಜಿನ್ನೂ ಇದೇ ಕುಲ. ಇಲ್ಲಿ ಉಗಿಯ ಹಂಗಿಲ್ಲ, ಗ್ಯಾಸ್ ಉರಿದಾಗ ಉಬ್ಬುವ ಬಿಸಿ ಗಾಳಿಯೇ ಬ್ಲೇಡುಗಳನ್ನು ತಳ್ಳುತ್ತದೆ. ತಳ್ಳಿ ಹೊರಗೆ ಬಂದ ಮೇಲೂ ಆ ಗಾಳಿ 550ರಿಂದ 600 ಡಿಗ್ರಿಯಷ್ಟು ಬಿಸಿ ಇರುತ್ತದೆ. ಅದನ್ನು ಸುಮ್ನೆ ಆಕಾಶಕ್ಕೆ ಬಿಡುವ ಬದಲು ಅದರಿಂದಲೇ ನೀರು ಕುದಿಸಿ ಇನ್ನೊಂದು ಉಗಿ ಟರ್ಬೈನ್ ಓಡಿಸಬಹುದು. ಒಂದೇ ಬೆಂಕಿಗೆ ಎರಡು ಸಲ ಕರೆಂಟು. ಬೆಂಗಳೂರಿನ ಯಲಹಂಕದಲ್ಲಿ ರಾಜ್ಯ ಸರ್ಕಾರದ ವಿದ್ಯುತ್ ನಿಗಮ ಕೆಪಿಸಿಎಲ್ ಕಟ್ಟಿದ 370 ಮೆಗಾವ್ಯಾಟಿನ ಸ್ಥಾವರ ಇದೇ ಮಾದರಿಯದು. ಜಗತ್ತಿನ ಒಳ್ಳೆಯ ಇಂಥ ಸ್ಥಾವರಗಳು ನೈಸರ್ಗಿಕ ಅನಿಲ ಹಾಕಿದರೆ ನೂರಕ್ಕೆ 60ಕ್ಕಿಂತ ಜಾಸ್ತಿ ತೆಗೆಯುತ್ತವೆ.

35 ಎಲ್ಲಿ, 60 ಎಲ್ಲಿ! ಕಲ್ಲಿದ್ದಲಿನವರಿಗೆ ಆಸೆ ಹುಟ್ಟಿದ್ದು ಇಲ್ಲೇ. ಆದರೆ ಕಲ್ಲಿದ್ದಲಿನ ಪುಡಿಯನ್ನು ನೇರ ಗ್ಯಾಸ್ ಟರ್ಬೈನಿಗೆ ಹಾಕಲು ಬರುವುದಿಲ್ಲ. ಬೂದಿಯ ಕಣಗಳು ಬ್ಲೇಡನ್ನು ಸವೆಸುತ್ತವೆ, ಬ್ಲೇಡ್ ತಣ್ಣಗಿರಲಿ ಅಂತ ಕೊರೆದ ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತವೆ. ಹಾಗಾಗಿ ಗಟ್ಟಿ ಕಲ್ಲಿದ್ದಲನ್ನು ಮೊದಲು ಗ್ಯಾಸ್ ಮಾಡಿ, ತೊಳೆದು, ಆಮೇಲೆ ಟರ್ಬೈನಿಗೆ ಕೊಡಬೇಕು. 'ನಡುವೆ ಗ್ಯಾಸ್ ಯಾಕೆ' ಅನ್ನುವುದಕ್ಕೆ ಒಂದು ಉತ್ತರ ಇದು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು, ಅದಕ್ಕೆ ಬರುತ್ತೇನೆ.

ಗ್ಯಾಸ್ ಹೇಗಾಗುತ್ತದೆ ಅಂತ ಮಲೆನಾಡಿನವರಿಗೂ ಕರಾವಳಿಯವರಿಗೂ ಜಾಸ್ತಿ ವಿವರಿಸಬೇಕಿಲ್ಲ. ಬಚ್ಚಲ ಒಲೆಗೆ ಒಂದೇ ಸಲಕ್ಕೆ ತೆಂಗಿನ ಸಿಪ್ಪೆ ತುರುಕಿದರೆ ಗಾಳಿ ಸಾಲದೆ ದಟ್ಟ ಹೊಗೆ ಬರುತ್ತದೆ, ಒಂದೆರಡು ಸಲ ಊದಿದರೆ ಆ ಹೊಗೆಗೇ ಭಗ್ಗನೆ ಬೆಂಕಿ ಹತ್ತುತ್ತದೆ ಅಲ್ವಾ? ಪೂರ್ತಿ ಸುಡುವಷ್ಟು ಗಾಳಿ ಸಿಗದ ಉರುವಲು ಉರಿಯುವ ಗ್ಯಾಸನ್ನು ಬಿಡುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲು ತುಂಬಿದ ಡ್ರಮ್ಮು ಕಟ್ಟಿಕೊಂಡು ಓಡಿದ ಬಸ್ಸುಗಳ ಕಥೆ ಹಳಬರು ಹೇಳುತ್ತಾರಲ್ಲ, ಆ ಬಸ್ಸುಗಳ ಎಂಜಿನ್ನಿಗೆ ಹೋಗುತ್ತಿದ್ದುದೂ ಈ ತರದ ಗ್ಯಾಸೇ.

ಸ್ಥಾವರದಲ್ಲಿ ಇದೇ ಕೆಲಸ ಉಕ್ಕಿನ ದೊಡ್ಡ ಪಾತ್ರೆಯೊಳಗೆ, ಭಾರೀ ಒತ್ತಡದಲ್ಲಿ ನಡೆಯುತ್ತದೆ. ಅದಕ್ಕೆ ಗ್ಯಾಸಿಫೈಯರ್ ಅನ್ನುತ್ತಾರೆ. ಕಲ್ಲಿದ್ದಲು, ಅಳೆದು ಕೊಟ್ಟ ಆಕ್ಸಿಜನ್, ಜೊತೆಗೆ ಉಗಿ ಅಥವಾ ನೀರು. ಒಳಗೆ 1300ರಿಂದ 1500 ಡಿಗ್ರಿ ಶಾಖ. ಹೊರಗೆ ಬರುವುದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್. ಈ ಮಿಶ್ರಣವೇ ಸಿನ್‌ಗ್ಯಾಸ್. ಕಲ್ಲಿದ್ದಲಿನ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಈ ಗ್ಯಾಸಿನೊಳಗೆ ಉಳಿಯುತ್ತದೆ. ಉಳಿದ ಕಾಲು ಪಾಲು ಅಲ್ಲೇ ಶಾಖವಾಗಿ ಬಿಡುಗಡೆಯಾಗುತ್ತದೆ, ಅದರಲ್ಲಿ ಹಿಡಿಯಲು ಆದಷ್ಟನ್ನು ಉಗಿ ಮಾಡಿಕೊಂಡು ಉಗಿ ಟರ್ಬೈನಿಗೆ ಸೇರಿಸುತ್ತಾರೆ. ಹೀಗೆ ಒಂದು ಘಟಕದ ಶಾಖ ಇನ್ನೊಂದಕ್ಕೆ, ಅದರ ಗಾಳಿ ಮತ್ತೊಂದಕ್ಕೆ ಅಂತ ಎಲ್ಲವನ್ನೂ ಹೆಣೆದು ಕಟ್ಟಿದ ಸ್ಥಾವರಕ್ಕೆ ಐಜಿಸಿಸಿ ಅಂತ ಹೆಸರು. (ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟು ಮಲಗಿದವರ ಜೀವ ತೆಗೆಯುವುದು ಇದೇ ವಿಷ. ಸ್ಥಾವರದಲ್ಲಿ ಸೋರಿಕೆ ಪತ್ತೆ ಮಾಡುವ ಉಪಕರಣ ಇದ್ದೇ ಇರುತ್ತದೆ, ಆದರೂ ಪೇಟೆ ಪಕ್ಕದಲ್ಲಿ ಇಂಥದ್ದು ಬೇಕು ಅನ್ನುವವರು ಇದನ್ನು ತಿಳಿದಿರಬೇಕು.)

ಈಗ ಆ ಇನ್ನೊಂದು ಕಾರಣ. ಮಾಮೂಲಿ ಸ್ಥಾವರದಲ್ಲಿ ಸುಟ್ಟ ಮೇಲೆ ಹೊಗೆ ತೊಳೆಯುತ್ತಾರೆ. ಅಷ್ಟು ಹೊತ್ತಿಗೆ ಅದರ ಜೊತೆ ಗಾಳಿಯ ಸಾರಜನಕವೆಲ್ಲ ಸೇರಿ ಬೆಟ್ಟದಷ್ಟು ಹೊಗೆಯಾಗಿರುತ್ತದೆ, ಅದರೊಳಗೆ ಗಂಧಕ ಎಲ್ಲೋ ಒಂದಿಷ್ಟು. ಗ್ಯಾಸಿಫೈಯರ್ ಇದ್ದರೆ ಸುಡುವ ಮೊದಲೇ ತೊಳೆಯಬಹುದು. ಗ್ಯಾಸ್ ಒತ್ತಡದಲ್ಲಿ ಇರುವುದರಿಂದ ಅದರ ಗಾತ್ರ ಬಹಳ ಚಿಕ್ಕದು, ಗಂಧಕ ಹೈಡ್ರೋಜನ್ ಸಲ್ಫೈಡ್ ರೂಪದಲ್ಲಿ ಇರುತ್ತದೆ, ದ್ರಾವಣದಲ್ಲಿ ಹಾಯಿಸಿ ನೂರಕ್ಕೆ 98ರಷ್ಟನ್ನು ಹಿಡಿಯಬಹುದು. ಹಿಡಿದದ್ದಕ್ಕೆ ಮಾರುಕಟ್ಟೆಯೂ ಇದೆ. ಅಮೆರಿಕದ ಫ್ಲೋರಿಡಾದ ಪೋಕ್ ಸ್ಥಾವರದಲ್ಲಿ ಆ ಗಂಧಕದಿಂದ ಸಲ್ಫ್ಯೂರಿಕ್ ಆಸಿಡ್ ಮಾಡಿ ಮಾರಿದರು. ಪಾದರಸವನ್ನೂ ಇಲ್ಲೇ ಸುಲಭವಾಗಿ ತೆಗೆಯಬಹುದು. ಬೂದಿ ಕರಗಿ, ತಣ್ಣಗಾದ ಮೇಲೆ ಗಾಜಿನಂಥ ಕಪ್ಪು ಹರಳಾಗಿ ಕೆಳಗೆ ಬೀಳುತ್ತದೆ. ಹಾರುಬೂದಿಯಂತೆ ಅದು ಗಾಳಿಗೆ ಹಾರಿ ಅಂಗಳದ ಬಟ್ಟೆ ಮೇಲೆ, ತೆಂಗಿನ ಗರಿ ಮೇಲೆ ಕೂರುವುದಿಲ್ಲ. ಇದು ನಿಜವಾದ ಲಾಭ. ಕಲ್ಲಿದ್ದಲು ಅಂದಕೂಡಲೇ ಮುಖ ತಿರುಗಿಸುವವರೂ ಇದನ್ನು ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ಇದ್ದೂ ಜಗತ್ತು ತುಂಬ ಇಂಥ ಸ್ಥಾವರಗಳು ಯಾಕಿಲ್ಲ?

ದುಡ್ಡು ಮತ್ತು ಆಕ್ಸಿಜನ್. ಹೆಚ್ಚಿನ ಗ್ಯಾಸಿಫೈಯರುಗಳಿಗೆ ಬರೀ ಗಾಳಿ ಸಾಲದು, ಶುದ್ಧ ಆಕ್ಸಿಜನ್ ಬೇಕು. ಅದಕ್ಕಾಗಿ ಗಾಳಿಯನ್ನು ಮೈನಸ್ 180 ಡಿಗ್ರಿಗಿಂತ ಕೆಳಗೆ ತಣ್ಣಗೆ ಮಾಡಿ, ದ್ರವ ಮಾಡಿ ಬೇರ್ಪಡಿಸುವ ಒಂದು ಪೂರ್ತಿ ಕಾರ್ಖಾನೆಯನ್ನೇ ಪಕ್ಕದಲ್ಲಿ ಕಟ್ಟಬೇಕು. ಅದು ಕರೆಂಟು ತಿನ್ನುತ್ತದೆ. ಪೋಕ್‌ನಲ್ಲಿ ಎರಡು ಟರ್ಬೈನುಗಳಿಂದ ಹುಟ್ಟುತ್ತಿದ್ದುದು ಸುಮಾರು 315 ಮೆಗಾವ್ಯಾಟ್, ಹೊರಗೆ ಹೋಗುತ್ತಿದ್ದುದು 250. ನಡುವಿನದರಲ್ಲಿ ದೊಡ್ಡ ಪಾಲು ಈ ಆಕ್ಸಿಜನ್ ಘಟಕದ ಹೊಟ್ಟೆಗೆ ಹೋಯಿತು. ಗ್ಯಾಸ್ ಮಾಡುವಾಗಿನ ನಷ್ಟ, ತೊಳೆಯುವಾಗಿನ ನಷ್ಟ ಎಲ್ಲ ಕಳೆದರೆ 60ರ ಕನಸು 40ರಿಂದ 43ಕ್ಕೆ ಇಳಿಯುತ್ತದೆ. ಸೂಪರ್‌ಕ್ರಿಟಿಕಲ್ ಬಾಯ್ಲರ್ ಇಷ್ಟು ತೊಡಕಿಲ್ಲದೆ ಅದರ ಹತ್ತಿರ ಬಂದು ನಿಂತಿದೆ. ಮತ್ತೆ ಯಾರು ತಾನೇ ದುಪ್ಪಟ್ಟು ತಲೆನೋವು ತೆಗೆದುಕೊಳ್ಳುತ್ತಾರೆ?

ಪ್ರಯತ್ನ ಮಾಡಲಿಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ಕೂಲ್ ವಾಟರ್‌ನಲ್ಲಿ 1984ರಲ್ಲೇ ಸುಮಾರು 100 ಮೆಗಾವ್ಯಾಟಿನದು ಓಡಿ, ಇದು ಸಾಧ್ಯ ಅಂತ ತೋರಿಸಿತು. ನೆದರ್ಲೆಂಡ್ಸಿನ ಬುಗ್ಗೆನಮ್, ಸ್ಪೇನಿನ ಪ್ವೆರ್ತೊಯಾನೊ ಎರಡೂ 90ರ ದಶಕದಲ್ಲಿ ಶುರುವಾದವು. ಮೊದಲನೆಯದು 2013ರಲ್ಲಿ, ಎರಡನೆಯದು 2016ರಲ್ಲಿ ಮುಚ್ಚಿತು. ಇಂಡಿಯಾನಾದ ಎಡ್ವರ್ಡ್ಸ್‌ಪೋರ್ಟ್‌ನಲ್ಲಿ 618 ಮೆಗಾವ್ಯಾಟಿನದು 2013ರಲ್ಲಿ ಶುರುವಾಯಿತು, ಖರ್ಚು ಸುಮಾರು 350 ಕೋಟಿ ಡಾಲರ್. ಎಲ್ಲಕ್ಕಿಂತ ಸಂಕಟದ ಕಥೆ ಮಿಸಿಸಿಪ್ಪಿಯ ಕೆಂಪರ್‌ನದು. ಗ್ಯಾಸ್ ಮಾಡುವುದಷ್ಟೇ ಅಲ್ಲ, ಕಾರ್ಬನ್ ಡೈಆಕ್ಸೈಡನ್ನೂ ಅಲ್ಲೇ ಹಿಡಿಯುತ್ತೇವೆ ಅಂತ ಹೊರಟಿದ್ದರು. ಖರ್ಚು ಏರುತ್ತಾ ಏರುತ್ತಾ 750 ಕೋಟಿ ಡಾಲರ್ ಮುಟ್ಟಿತು. 2017ರ ಜೂನ್‌ನಲ್ಲಿ ಗ್ಯಾಸಿಫೈಯರ್ ಕೆಲಸ ನಿಲ್ಲಿಸಿದರು, 2021ರಲ್ಲಿ ಆ ಭಾಗವನ್ನೇ ಕೆಡವಿದರು. ಟರ್ಬೈನುಗಳು ಮಾತ್ರ ನೈಸರ್ಗಿಕ ಅನಿಲದಿಂದ ಓಡುತ್ತಿವೆ. ಜಪಾನಿನವರು ಬಿಡದೆ ಹಿಡಿದಿದ್ದಾರೆ. ನಕೊಸೊದಲ್ಲಿ 250 ಮೆಗಾವ್ಯಾಟಿನಲ್ಲಿ ಕಲಿತು, ಆಮೇಲೆ ಅಲ್ಲೂ ಹಿರೊನೊದಲ್ಲೂ 500 ಮೆಗಾವ್ಯಾಟ್ ದಾಟಿದ್ದನ್ನು ಕಟ್ಟಿದರು. ಅವರದು ಆಕ್ಸಿಜನ್ ಬದಲು ಮುಖ್ಯವಾಗಿ ಗಾಳಿಯನ್ನೇ ಊದುವ ಮಾದರಿ, ಹಾಗಾಗಿ ಆ ಖರ್ಚು ಸ್ವಲ್ಪ ತಗ್ಗುತ್ತದೆ.

ಭಾರತದ ತೊಡಕು ಬೇರೆ. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬರೀ ಬೂದಿ. ಅಷ್ಟನ್ನೂ ಕರಗಿಸಿ ಗಾಜು ಮಾಡುವುದರಲ್ಲೇ ಶಾಖ ಖರ್ಚಾಗುತ್ತದೆ. ಅದಕ್ಕೇ ಕೇಂದ್ರ ಸರ್ಕಾರದ ಕಂಪನಿಯಾದ ಬಿಎಚ್‌ಇಎಲ್‌ನವರು ತಿರುಚಿರಾಪಳ್ಳಿಯಲ್ಲಿ ಬೂದಿ ಕರಗಿಸದ, ಸ್ವಲ್ಪ ಕಡಿಮೆ ಶಾಖದ ಬೇರೆ ಮಾದರಿ ಹಿಡಿದು 6.2 ಮೆಗಾವ್ಯಾಟಿನ ಪ್ರಯೋಗ ಸ್ಥಾವರ ಕಟ್ಟಿದರು. ಒಳ್ಳೆಯ ಕೆಲಸ ಅದು, ಆದರೆ ಅದರಿಂದ ದೊಡ್ಡ ಸ್ಥಾವರ ಹುಟ್ಟಲಿಲ್ಲ. ಈಗ ಕೇಂದ್ರ ಸರ್ಕಾರ 2030ಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಗ್ಯಾಸ್ ಮಾಡುವ ಗುರಿ ಇಟ್ಟಿದೆ, 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿ ನೆರವಿನ ಯೋಜನೆಯನ್ನೂ ಒಪ್ಪಿದೆ. ಅದರಲ್ಲಿ ಕಣ್ಣಿರುವುದು ಕರೆಂಟಿಗಿಂತ ಹೆಚ್ಚಾಗಿ ಗೊಬ್ಬರ, ಮೆಥನಾಲ್, ಉಕ್ಕಿನ ಮೇಲೆ. ಒಡಿಶಾದ ಅಂಗುಲ್‌ನಲ್ಲಿ ಕಲ್ಲಿದ್ದಲಿನ ಗ್ಯಾಸಿನಿಂದ ಉಕ್ಕು ಮಾಡುತ್ತಿದ್ದಾರೆ, ಗಣಿ ಪಕ್ಕದಲ್ಲೇ. ನನಗೆ ಅದು ಸರಿ ಅನ್ನಿಸುತ್ತದೆ. ಗ್ಯಾಸನ್ನು ಸುಟ್ಟು ಕರೆಂಟು ಮಾಡುವುದಕ್ಕಿಂತ ಆಮದು ಗೊಬ್ಬರದ ಬದಲಿಗೆ ಬಳಸಿದರೆ ಅದಕ್ಕೆ ಬೆಲೆ ಜಾಸ್ತಿ.

ಇನ್ನು ನಮ್ಮ ಕರಾವಳಿ. ಕಾಗದದ ಮೇಲೆ ನೋಡಿದರೆ ನಮ್ಮದು ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಬಂದರಿಗೆ ಹಡಗಿನಲ್ಲಿ ಬೂದಿ ಕಡಿಮೆ ಇರುವ ವಿದೇಶಿ ಕಲ್ಲಿದ್ದಲು ತರಬಹುದು, ಅದು ಈ ಗ್ಯಾಸಿಫೈಯರಿಗೆ ಚೆನ್ನಾಗಿ ಒಗ್ಗುತ್ತದೆ. ತಣ್ಣಗೆ ಮಾಡಲು ಸಮುದ್ರ ಇದೆ. ಅರ್ಧಕ್ಕಿಂತ ಜಾಸ್ತಿ ಕರೆಂಟು ಗ್ಯಾಸ್ ಟರ್ಬೈನಿನಿಂದಲೇ ಬರುವ ಕಾರಣ ಮಾಮೂಲಿ ಸ್ಥಾವರಕ್ಕಿಂತ ಕಡಿಮೆ ನೀರು ಸಾಕು.

ಆದರೆ ಕಡಿಮೆ ಅಂದರೂ ಬಿಸಿ ನೀರು ಹೋಗಿ ಸೇರುವುದು ಎಲ್ಲಿಗೆ? ಅಘನಾಶಿನಿ ಅಳಿವೆಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ಬದುಕುವ ಮನೆಗಳಿವೆ, ಗಜನಿ ಅನ್ನುವ ಅಳಿವೆ ದಂಡೆಯ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಆ ಅಳಿವೆಗೆ ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ಹಡಗಿನಿಂದ ಇಳಿಸುವಾಗ, ರಾಶಿ ಹಾಕುವಾಗ ಏಳುವ ಕರಿ ಧೂಳಿಗೆ ಗ್ಯಾಸಿಫೈಯರ್ ಏನೂ ಮಾಡುವುದಿಲ್ಲ, ಅದು ಕಲ್ಲಿದ್ದಲು ಒಳಗೆ ಹೋದ ಮೇಲಿನ ಯಂತ್ರ. ನಮ್ಮ ಮಳೆಗಾಲದಲ್ಲಿ ಆ ರಾಶಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹರಿಯುತ್ತದೆ ಅಂತ ಮೀನುಗಾರರಿಗೆ ಹೇಳಿಕೊಡಬೇಕಾ? ಕಲ್ಲಿದ್ದಲಿನ ದರ ಡಾಲರಿಗೆ ಕಟ್ಟಿದ್ದು, ಅದು ಏರಿದರೆ ನಮ್ಮ ಕರೆಂಟ್ ಬಿಲ್ಲೂ ಏರುತ್ತದೆ.

ಈ ಜಿಲ್ಲೆ ಕರೆಂಟಿಗೆ ಕೊಡಬೇಕಾದ್ದನ್ನು ಕೊಟ್ಟಿಲ್ಲ ಅಂತ ಯಾರೂ ಹೇಳಲಾರರು. ಅಣೆಕಟ್ಟಿಗೆ ಸೂಪಾ ಮುಳುಗಿತು, ನಾಗಝರಿ ಬಂತು, ಕೊಡಸಳ್ಳಿ, ಕದ್ರಾ ಬಂದವು, ಕೈಗಾದಲ್ಲಿ 880 ಮೆಗಾವ್ಯಾಟ್ ಹುಟ್ಟುತ್ತಿದೆ, ಗೇರುಸೊಪ್ಪೆಯಲ್ಲಿ 240.

ಹವಾಮಾನದ ಲೆಕ್ಕವೂ ಇದೆ. ಮಾಮೂಲಿ ಸ್ಥಾವರದಲ್ಲಿ ಒಂದು ಯೂನಿಟ್ ಕರೆಂಟಿಗೆ 900 ಗ್ರಾಮಿನಿಂದ ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಐಜಿಸಿಸಿಯಲ್ಲಿ 750-800 ಗ್ರಾಂ. ಕಡಿಮೆಯಾಯಿತು, ನಿಂತಿಲ್ಲ. ಹಿಡಿಯುವುದು ಇಲ್ಲಿ ಸುಲಭ ಅನ್ನುವುದು ಸರಿ, ಆದರೆ ಹಿಡಿದದ್ದನ್ನು ನೂರಾರು ವರ್ಷ ಎಲ್ಲಿ ಹೂತಿಡುವುದು ಅನ್ನುವುದಕ್ಕೆ ನಮ್ಮ ದಂಡೆಯಲ್ಲಿ ಸಿದ್ಧ ಜಾಗ ಇಲ್ಲ.

ಜೊತೆಗೆ ಸಮಯದ ಪ್ರಶ್ನೆ. ರಾಜ್ಯದಲ್ಲಿ ಹಗಲು ಪಾವಗಡದಂಥ ಕಡೆ ಸೋಲಾರ್ ಕರೆಂಟು ಧಾರಾಳ. ಸೂರ್ಯ ಮುಳುಗಿದ ಮೇಲೆ ತಟ್ಟನೆ ಏಳುವ ಸ್ಥಾವರ ಬೇಕು. ನಾಗಝರಿಯ ಜಲವಿದ್ಯುತ್ ಟರ್ಬೈನ್ ನಿಮಿಷಗಳಲ್ಲಿ ಏಳುತ್ತದೆ. ಗ್ಯಾಸ್ ಟರ್ಬೈನೂ ಚುರುಕೇ, ಆದರೆ ಅದರ ಹಿಂದಿನ ಗ್ಯಾಸಿಫೈಯರ್, ಆಕ್ಸಿಜನ್ ಘಟಕ ಚುರುಕಲ್ಲ. ಪೂರ್ತಿ ತಣ್ಣಗಾದ ಸ್ಥಿತಿಯಿಂದ ಎಬ್ಬಿಸಲು ದಿನಗಳೇ ಬೇಕು. ಹಗಲೂ ರಾತ್ರಿ ಒಂದೇ ಸಮ ಓಡಿಸಿದರೆ ಮಾತ್ರ ಅದರ ಸಾಲ ತೀರುತ್ತದೆ.

ಹೀಗಿದ್ದೂ ನಾಳೆ ಯಾರಾದರೂ ಇಂಥ ಯೋಜನೆ ಹಿಡಿದು ಬಂದು ಅಹವಾಲು ಸಭೆ ಕರೆದರೆ ತಪ್ಪದೆ ಹೋಗಿ, ಮತ್ತು 'ಈ ಮಾದರಿಯ ಸ್ಥಾವರ ವರ್ಷಕ್ಕೆ ಎಷ್ಟು ಗಂಟೆ ಓಡಿದೆ' ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಗ್ಯಾಸಿಫೈಯರ್ ಕೆಟ್ಟು ನಿಂತಾಗ ಟರ್ಬೈನನ್ನು ನೈಸರ್ಗಿಕ ಅನಿಲ ಅಥವಾ ಡೀಸೆಲ್ ಹಾಕಿ ಓಡಿಸಬಹುದು, ಆ ಗಂಟೆಗಳೂ ಲೆಕ್ಕದಲ್ಲಿ ಸೇರಿಬಿಡುತ್ತವೆ. ಕಲ್ಲಿದ್ದಲಿನ ಗ್ಯಾಸಿನಿಂದಲೇ ಎಷ್ಟು ಗಂಟೆ ಓಡಿತು, ಅದನ್ನು ಬೇರೆಯಾಗಿ ಬರೆದು ಕೊಡಿ ಅಂತ ಕೇಳಿ.