ಪ್ಲೇಟೋ ಆತ್ಮದಲ್ಲಿ ಮೂರನೆಯ ಭಾಗವನ್ನೇಕೆ ಕಂಡ?

ಓದುಗರ ಪ್ರಶ್ನೆ: ಮನುಷ್ಯನ ಒಳತೋಟಿಯನ್ನು ವಿವರಿಸಲು ಬುದ್ಧಿ ಮತ್ತು ಬಯಕೆ ಎಂಬ ಎರಡೇ ಸಾಕಲ್ಲವೇ? ಪ್ಲೇಟೋ ಆತ್ಮಕ್ಕೆ ಮೂರು ಭಾಗಗಳಿವೆ ಎಂದದ್ದೇಕೆ?

ಉತ್ತರ: ಈ ಸಂದೇಹ ಪ್ಲೇಟೋ ಸಾಕ್ರಟೀಸನನ್ನು ಮುಖ್ಯ ಮಾತುಗಾರನನ್ನಾಗಿಸಿ ಬರೆದ ‘ರಿಪಬ್ಲಿಕ್’ ಸಂವಾದದ ನಾಲ್ಕನೆಯ ಪುಸ್ತಕದಲ್ಲಿಯೇ ಎದ್ದಿದೆ. ಒಂದೇ ವಸ್ತು ಒಂದೇ ಹೊತ್ತಿನಲ್ಲಿ, ಒಂದೇ ವಿಷಯದ ಕುರಿತು, ತನ್ನ ಒಂದೇ ಅಂಶದಿಂದ ಪರಸ್ಪರ ವಿರುದ್ಧವಾದ ಎರಡನ್ನು ಮಾಡಲಾರದು ಎಂಬ ಸೂತ್ರವನ್ನು ಸಾಕ್ರಟೀಸ್ ಅಲ್ಲಿ ಮುಂದಿಡುತ್ತಾನೆ. ಬಾಯಾರಿದವನೊಬ್ಬ ನೀರಿಗಾಗಿ ಹಾತೊರೆಯುತ್ತಲೇ ಕುಡಿಯಬಾರದೆಂದು ತನ್ನನ್ನು ತಡೆದುಕೊಂಡರೆ, ಹಾತೊರೆಯುವ ಅಂಶವೂ ತಡೆಯುವ ಅಂಶವೂ ಬೇರೆ ಬೇರೆ ಆಗಿರಲೇಬೇಕು. ಬಯಕೆ ಮತ್ತು ಬುದ್ಧಿ ಹೀಗೆ ಬೇರ್ಪಡುತ್ತವೆ. ಮೂರನೆಯ ಭಾಗವೆಂದರೆ ಸಿಟ್ಟನ್ನೂ ಮಾನಾಪಮಾನದ ಅರಿವನ್ನೂ ಒಳಗೊಂಡ ರೋಷ. ಅದು ಪ್ರಾಯಶಃ ಬಯಕೆಯ ಜಾತಿಗೇ ಸೇರಿದ್ದೆಂದು ಸಂವಾದದಲ್ಲಿ ಜೊತೆಗೆ ಮಾತಾಡುವ ಗ್ಲಾಕನ್ ಹೇಳಿದಾಗ, ಸಾಕ್ರಟೀಸ್ ತಾನು ಕೇಳಿದ್ದ ಒಂದು ಕಥೆಯನ್ನು ಹೇಳುತ್ತಾನೆ.

ಲಿಯೋಂಟಿಯಸ್ ಎಂಬವನು ಪಿರೇಯಸ್ ಬಂದರಿನಿಂದ ಉತ್ತರದ ಗೋಡೆಯ ಹೊರಮಗ್ಗುಲಲ್ಲಿ ನಡೆದು ಬರುತ್ತಿದ್ದಾಗ, ಮರಣದಂಡನೆಗೆ ಗುರಿಯಾದವರ ಹೆಣಗಳು ಅಲ್ಲಿ ಬಿದ್ದಿರುವುದನ್ನು ಕಂಡ. ನೋಡಬೇಕೆಂಬ ಆಸೆಯೂ ಅಸಹ್ಯವೂ ಒಟ್ಟಿಗೆ ಹುಟ್ಟಿ, ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡು ಸೆಣಸಾಡಿದವನು ಕೊನೆಗೆ ಸೋತು, ಕಣ್ಣರಳಿಸಿ ಹೆಣಗಳತ್ತ ಓಡಿ, “ನೋಡಿ, ದರಿದ್ರಗಳೇ, ಈ ಚೆಂದದ ನೋಟವನ್ನು ತುಂಬಿಕೊಳ್ಳಿ” ಎಂದು ತನ್ನ ಕಣ್ಣುಗಳನ್ನೇ ಬೈದ. ಬಯಕೆಯ ಮೇಲೆ ಹೀಗೆ ರೇಗುವ ರೋಷ ಬಯಕೆಯೇ ಆಗಿರಲಾರದು ಎಂಬುದು ಸಾಕ್ರಟೀಸನ ವಾದ. ಒಂದು ಬಯಕೆ ಇನ್ನೊಂದರ ಮೇಲೆ ಏಕೆ ರೇಗಬಾರದು ಎಂದು ಕೇಳಲು ಇಲ್ಲಿ ಅವಕಾಶವಿದೆ. ರೋಷವು ಬುದ್ಧಿಗೆ ಎದುರಾಗಿ ಬಯಕೆಯ ಪಕ್ಷ ವಹಿಸಿದ್ದನ್ನು ಯಾರೂ ಕಂಡಿಲ್ಲ ಎಂಬ ಅವನ ಸಮಜಾಯಿಷಿ ನನಗಂತೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ರೋಷವು ಬುದ್ಧಿಯೂ ಅಲ್ಲವೆಂಬುದನ್ನು ತೋರಿಸುವುದು ಸುಲಭ: ಎಳೆಯ ಮಕ್ಕಳಲ್ಲಿ ಬುದ್ಧಿ ಬಲಿಯುವ ಮೊದಲೇ ರೋಷ ತುಂಬಿರುತ್ತದೆ.

ಈ ವಿಭಜನೆಗೆ ಗಟ್ಟಿಯಾದ ಆಕ್ಷೇಪ ಬಂದದ್ದು ಪ್ಲೇಟೋನ ಶಿಷ್ಯ ಅರಿಸ್ಟಾಟಲನಿಂದಲೇ. ಈ ಕ್ರಮದಲ್ಲಿ ಹೊರಟರೆ ಭಾಗಗಳಿಗೆ ಲೆಕ್ಕವೇ ಇರುವುದಿಲ್ಲ, ಗಿಡಮರಗಳಲ್ಲಿಯೂ ಇರುವ ಪೋಷಣಶಕ್ತಿಗೆ ಈ ಮೂರರಲ್ಲಿ ಜಾಗವಿಲ್ಲ, ಇಚ್ಛೆಯಂತೂ ಮೂರಕ್ಕೂ ಹಂಚಿಹೋಗುತ್ತದೆ ಎಂದು ಅವನು ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ ವಾದಿಸಿದ.

ಪ್ರಾಚೀನ ಗ್ರೀಸಿನ ಇನ್ನೊಂದು ತತ್ತ್ವಪಂಥದವರಾದ ಸ್ಟೋಯಿಕರು ಪ್ಲೇಟೋನ ಸೂತ್ರವನ್ನು ಒಪ್ಪಿದರೂ ‘ಒಂದೇ ಹೊತ್ತಿನಲ್ಲಿ’ ಎಂಬ ಷರತ್ತು ಇಲ್ಲಿ ಈಡೇರುವುದಿಲ್ಲ ಎಂದರು. ಅವರ ಪ್ರಕಾರ ಒಳಜಗಳವೆಂಬುದು ಎರಡು ಭಾಗಗಳ ಹೋರಾಟವಲ್ಲ. ಒಂದೇ ವಿವೇಚನೆ ಅತ್ತಿತ್ತ ಹೊರಳುತ್ತಿರುತ್ತದೆ, ಆ ಹೊರಳಾಟ ಅತಿ ವೇಗದ್ದಾದ್ದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ.